ರಥಬೀದಿಯ ಗ್ರಂದಿಗೆ ಅಂಗಡಿ ಮತ್ತು ಅದರ ಕಷಾಯದ ಪುಡಿ

ಮಂಗಳೂರಿನ ರಥಬೀದಿಯ ಆಸುಪಾಸಿನಲ್ಲಿ ಹಳೆಯ ಗ್ರಂದಿಗೆ ಅಂಗಡಿಯೊಂದಿದೆ, ಎಂದರೆ ಸಂಬಾರ ಪದಾರ್ಥ ಮತ್ತು ಊರ ಮದ್ದಿನ ಸಾಮಾನು ಮಾರುವ ಅಂಗಡಿ. ಅಲ್ಲಿ ಹುರಿದು, ಪುಡಿ ಮಾಡಿ, ಪೊಟ್ಟಣ ಕಟ್ಟಿ ಕೊಡುವ ಕಷಾಯದ ಪುಡಿ ನಮ್ಮ ಮನೆಗೆ ಬರಲು ತೊಡಗಿದ್ದು ಕೊರೊನಾಕ್ಕಿಂತ ಎಷ್ಟೋ ವರ್ಷ ಮೊದಲು, ಇಂದಿಗೂ ಬರುತ್ತಿದೆ. ಪುಡಿಯ ಮಟ್ಟಿಗೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸಂಜೆಯ ಕಾಫಿಯನ್ನು ಬಿಡಬೇಕೆಂದಿರುವವರಿಗೆ, ಮಳೆಗಾಲದಲ್ಲಿ ಬಿಸಿಯಾಗಿ ಏನಾದರೂ ಕುಡಿಯಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಪುಡಿ ಪೇಟೆಯಲ್ಲಿ ನನಗೆ ಸಿಕ್ಕಿಲ್ಲ. ಆದರೆ 2020 ಮತ್ತು 2021ರಲ್ಲಿ ಜನರು ಇದನ್ನು ಕೊಂಡದ್ದು ಕುಡಿಯುವ ಸುಖಕ್ಕಲ್ಲ, ರೋಗ ಬಾರದಿರಲೆಂದು. ಪದಾರ್ಥವೊಂದನ್ನು ಅದರಿಂದಾಗದ ಕೆಲಸಕ್ಕೆ ಜನ ಹಚ್ಚಿದಾಗ ಮಾರುವವರು ಹೇಗೆ ನಡೆದುಕೊಂಡರು ಎಂಬುದೂ ಅಂಗಡಿಯ ಗುಣಮಟ್ಟಕ್ಕೆ ಸೇರಿದ್ದೇ ಆದ್ದರಿಂದ ಈ ಬರಹದ ಹೆಚ್ಚಿನ ಪಾಲು ಆ ಎರಡು ವರ್ಷಗಳಿಗೆ ಹೋಗಿದೆ. ಮೆಚ್ಚುಗೆಯ ಜೊತೆಗೆ ದೂರುಗಳೂ ಇರುವ ಕಾರಣ ಅಂಗಡಿಯ ಹೆಸರನ್ನು ಬರೆಯುತ್ತಿಲ್ಲ. ಇಲ್ಲಿ ಹೇಳುವ ಮಾತುಗಳಲ್ಲಿ ಹಲವು, ಉಡುಪಿಯ ರಥಬೀದಿಯಿಂದ ಮಂಗಳೂರಿನ ಬಂದರಿನವರೆಗೆ ಇರುವ ಇಂಥ ಬೇರೆ ಅಂಗಡಿಗಳಿಗೂ ಸಲ್ಲುತ್ತವೆ.

ಅಂಗಡಿ ದೊಡ್ಡದಲ್ಲ. ಹೊರಗಡೆ ಕೊತ್ತಂಬರಿ, ಜೀರಿಗೆ, ಒಣಮೆಣಸು, ಹುಣಸೆಹಣ್ಣಿನ ಗೋಣಿಚೀಲಗಳು. ಒಳಗಡೆ ಗೋಡೆಯುದ್ದಕ್ಕೂ ಮರದ ಡ್ರಾಯರುಗಳು ಮತ್ತು ಗಾಜಿನ ಭರಣಿಗಳಲ್ಲಿ ಹಿಪ್ಪಲಿ, ಅಳಲೆಕಾಯಿ, ತಾರೆಕಾಯಿ, ಬಜೆ, ಲಾವಂಚ, ಜ್ಯೇಷ್ಠಮಧು, ಜಾಯಿಕಾಯಿ. ಬಾಣಂತಿಯರ ಲೇಹ್ಯಕ್ಕೆ ಬೇಕಾದ ಸಾಮಾನಿನ ಪಟ್ಟಿ ಹಿಡಿದುಕೊಂಡು ದೂರದ ಊರುಗಳಿಂದಲೂ ಜನ ಬರುತ್ತಾರೆ. ಯಜಮಾನರು ಕೊಂಕಣಿ ಮಾತನಾಡುವವರು. ಗಿರಾಕಿಗಳಲ್ಲಿ ಹೆಚ್ಚಿನವರು ಅವರನ್ನು 'ಮಾಮ್' (ಮಾವ) ಎಂದೇ ಕರೆಯುತ್ತಾರೆ. ಅವರಲ್ಲಿ ನಾನು ಗಮನಿಸಿದ ಒಂದು ಅಭ್ಯಾಸವೆಂದರೆ, ಯಾವ ಮದ್ದಿನ ಸಾಮಾನು ಕೇಳಿದರೂ 'ಯಾರಿಗೆ?' ಎಂದು ವಿಚಾರಿಸದೆ ತಕ್ಕಡಿಗೆ ಕೈ ಹಾಕುವುದಿಲ್ಲ. ಮಗುವಿಗೋ ದೊಡ್ಡವರಿಗೋ, ಬಸುರಿಯೋ, ಬಿಪಿ ಮಾತ್ರೆ ತೆಗೆದುಕೊಳ್ಳುವವರೋ ಎಂದು ಕೇಳಿದ ಮೇಲೆಯೇ ತೂಕ. ಅವಸರದಲ್ಲಿರುವವರಿಗೆ ಇದು ಕಿರಿಕಿರಿ ಎನಿಸಬಹುದು. ಈ ಒಂದು ಪ್ರಶ್ನೆಗಾಗಿಯೇ ಅಂಗಡಿಗೆ ಒಂದು ನಕ್ಷತ್ರ ಹೆಚ್ಚು ಕೊಡಬೇಕೆಂದು ನನಗೆ ಅನಿಸುತ್ತದೆ.

ಪುಡಿಯಲ್ಲಿ ಕೊತ್ತಂಬರಿ ಮತ್ತು ಜೀರಿಗೆಯದ್ದೇ ದೊಡ್ಡ ಪಾಲು. ಅವುಗಳ ಹಿಂದೆ ಬಡೇಸೋಂಪು, ಕಾಳುಮೆಣಸು, ಒಣಶುಂಠಿ, ಸ್ವಲ್ಪ ಮೆಂತೆ, ಏಲಕ್ಕಿ, ಕೊನೆಯಲ್ಲಿ ಚಿಟಿಕೆಯಷ್ಟು ಜ್ಯೇಷ್ಠಮಧು. ಹುರಿಯುವ ಹದದಲ್ಲಿ ಇವರ ಕೈ ಪಳಗಿದ್ದು. ಜೀರಿಗೆ ಕಪ್ಪಾಗುವುದಿಲ್ಲ, ಮೆಂತೆ ಕಹಿಯನ್ನು ಮುಂದಕ್ಕೆ ತರುವುದಿಲ್ಲ. ತೀರಾ ನುಣ್ಣಗೆ ಬೀಸದೆ ತರಿತರಿಯಾಗಿ ಇಡುವುದರಿಂದ ಕುದಿಸಿ ಸೋಸಿದಾಗ ಲೋಟದ ತಳದಲ್ಲಿ ಕೆಸರು ಕೂರುವುದಿಲ್ಲ. ಒಂದು ಲೋಟ ನೀರಿಗೆ ಒಂದು ಚಮಚ ಪುಡಿ, ಸಣ್ಣ ತುಂಡು ಬೆಲ್ಲ. ನಾಲ್ಕೈದು ನಿಮಿಷ ಕುದಿದ ಮೇಲೆ ಹಾಲು. ಬೆಲ್ಲ ಕುದಿಯುತ್ತಿರುವಾಗಲೇ ಹಾಲು ಸುರಿದರೆ ಒಡೆಯುವ ಸಂಭವವಿರುವುದರಿಂದ ಒಲೆ ಆರಿಸಿದ ಬಳಿಕ ಹಾಲು ಬೆರೆಸುವುದು ಒಳ್ಳೆಯದು. ಮೊದಲ ಗುಟುಕಿಗೆ ಕೊತ್ತಂಬರಿಯ ಪರಿಮಳ, ಗಂಟಲಿನಲ್ಲಿ ಮೆಣಸಿನ ಖಾರ, ಎಲ್ಲ ಮುಗಿದ ಮೇಲೆ ಜ್ಯೇಷ್ಠಮಧುವಿನ ತೆಳುವಾದ ಸಿಹಿ. ಉಡುಪಿ ಕಡೆಯ ಹೋಟೆಲುಗಳಲ್ಲಿ ಕೊಡುವ ಕಷಾಯ ಬಹಳ ಸಲ ಬೆಲ್ಲದ ಹಾಲಿನಂತಿರುತ್ತದೆ. ಇದು ಹಾಗಲ್ಲ, ಇದರಲ್ಲಿ ಮಸಾಲೆ ಮಾತನಾಡುತ್ತದೆ. ನೂರು ಗ್ರಾಂ ಪೊಟ್ಟಣಕ್ಕೆ ಎರಡು ಮಸಾಲೆದೋಸೆಗಿಂತ ಕಡಿಮೆ ಬೆಲೆ.

ಇನ್ನು ಆ ಎರಡು ವರ್ಷಗಳ ಮಾತು. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಸಾಂಕ್ರಾಮಿಕವೆಂದು ಘೋಷಿಸಿತು. ಮಾರ್ಚ್ 25ರಿಂದ ದೇಶಕ್ಕೆ ಬೀಗ ಬಿತ್ತು. ಕರಾವಳಿಯಲ್ಲಿ ಗಲ್ಫಿನ ನಂಟಿರುವ ಮನೆಗಳು ಬಹಳ, ಬಜ್ಪೆಯ ವಿಮಾನ ನಿಲ್ದಾಣವೂ ಇಲ್ಲೇ. ಹೀಗಾಗಿ ರೋಗ ಎಲ್ಲೋ ಚೀನಾದ್ದು ಎಂದುಕೊಂಡು ಸುಮ್ಮನಿರುವ ಅನುಕೂಲ ನಮಗೆ ಹೆಚ್ಚು ದಿನ ಇರಲಿಲ್ಲ. ಜಿಲ್ಲಾ ಸರ್ಕಾರಿ ಆಸ್ಪತ್ರೆಯಾದ ವೆನ್ಲಾಕ್ ಅನ್ನು ಕೋವಿಡ್ ಆಸ್ಪತ್ರೆಯಾಗಿ ಮಾರ್ಪಡಿಸಲಾಯಿತು. ತಲಪಾಡಿಯಲ್ಲಿ ಕೇರಳದ ಗಡಿ ಮುಚ್ಚಿದ್ದರಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಅತ್ತಲೇ ಉಳಿದರು; ಆ ವಿವಾದ ಕೇರಳ ಹೈಕೋರ್ಟನ್ನೂ ಸುಪ್ರೀಂ ಕೋರ್ಟನ್ನೂ ಹತ್ತಿತು. ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ತೀರಿಹೋದವರ ಶವಸಂಸ್ಕಾರ ತಮ್ಮ ಊರಿನ ಸ್ಮಶಾನದಲ್ಲಿ ಆಗಕೂಡದೆಂದು ಮಂಗಳೂರಿನ ಸುತ್ತಲಿನವರು ಬೀದಿಗಿಳಿದರು. ಅಷ್ಟು ಭಯ ಕವಿದಿದ್ದಾಗ, ಡಬ್ಬಿಯಲ್ಲಿದ್ದ ಶುಂಠಿ-ಮೆಣಸಿನ ಕಡೆಗೆ ಜನ ಕೈ ಚಾಚಿದ್ದನ್ನು ಹಾಸ್ಯ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಚಿಕಿತ್ಸೆ ಇನ್ನೂ ಗೊತ್ತಿರಲಿಲ್ಲ, ಲಸಿಕೆ ಬಂದಿರಲಿಲ್ಲ, ಹೊರಗೆ ಕಾಲಿಡುವಂತಿರಲಿಲ್ಲ, ಅಡುಗೆಮನೆಯೊಂದೇ ತೆರೆದಿತ್ತು.

ವದಂತಿಗಳಿಗೂ ಇಲ್ಲಿ ಹದವಾದ ನೆಲ ಮೊದಲೇ ಸಿದ್ಧವಾಗಿತ್ತು. 2018ರ ಮೇ ತಿಂಗಳಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ಬಾವಲಿಗಳಿಂದ ಹರಡುವ ನಿಪಾ ವೈರಸ್ ಕಾಣಿಸಿಕೊಂಡಾಗ ಮಣಿಪಾಲದ ವೈರಾಣು ಸಂಶೋಧನಾ ಕೇಂದ್ರಕ್ಕೆ ಬಂದ ಮಾದರಿಗಳಿಂದ ರೋಗದ ಗುರುತು ಹತ್ತಿತೆಂಬ ಹೆಮ್ಮೆ ಒಂದು ಕಡೆಗಿದ್ದರೆ, ಬಾವಲಿಯ ಭಯದಿಂದ ಮಾರುಕಟ್ಟೆಯ ಮಾವು, ಪೇರಳೆಗಳನ್ನು ಮುಟ್ಟದವರು ಇನ್ನೊಂದು ಕಡೆಗಿದ್ದರು. 2020ರಲ್ಲಿ ಮೊದಲ ಪೆಟ್ಟು ಬಿದ್ದದ್ದು ಕೋಳಿಗೆ. ಕೋಳಿಮಾಂಸದಿಂದ ಕೊರೊನಾ ಬರುತ್ತದೆಂಬ ಸುದ್ದಿ ಹಬ್ಬಿ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಬೆಲೆ ನೆಲಕಚ್ಚಿತು. ಅದರ ಹಿಂದೆಯೇ ಬಂದವು ಬೆಳ್ಳುಳ್ಳಿ ನುಂಗುವ ಸಲಹೆ, ಹದಿನೈದು ನಿಮಿಷಕ್ಕೊಮ್ಮೆ ಬಿಸಿನೀರು ಕುಡಿದು ವೈರಸ್ಸನ್ನು ಹೊಟ್ಟೆಗೆ ತೊಳೆದು ಕಳುಹಿಸುವ ಉಪಾಯ, ಹತ್ತು ಸೆಕೆಂಡು ಉಸಿರು ಬಿಗಿಹಿಡಿದರೆ ಶ್ವಾಸಕೋಶ ಶುದ್ಧವೆಂದು ತಿಳಿದುಕೊಳ್ಳುವ 'ಪರೀಕ್ಷೆ'. ಈ ಕೊನೆಯದಕ್ಕೆ ಅಮೆರಿಕದ ದೊಡ್ಡ ವಿಶ್ವವಿದ್ಯಾಲಯವೊಂದರ ಹೆಸರನ್ನು ಸುಳ್ಳಾಗಿ ಅಂಟಿಸಲಾಗಿತ್ತು. ಪದೇಪದೇ ರವಾನೆಯಾದ ಸಂದೇಶವನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದೇ ಗುಂಪಿಗೆ ಮಾತ್ರ ಕಳುಹಿಸಬಹುದೆಂಬ ಮಿತಿಯನ್ನು ವಾಟ್ಸಾಪ್ ತಂದದ್ದು ಆ ಏಪ್ರಿಲ್‌ನಲ್ಲಿಯೇ. ನಮ್ಮ ಮನೆಗಳ ಕುಟುಂಬ ಗುಂಪುಗಳಿಗೆ ಆ ಮಿತಿ ತಟ್ಟಿದಂತೆ ಕಾಣಲಿಲ್ಲ. ಅತ್ತೆ ಕಳುಹಿಸದಿದ್ದರೆ ದೊಡ್ಡಮ್ಮ ಕಳುಹಿಸುತ್ತಿದ್ದರು.

ಕಷಾಯಕ್ಕೆ ಬೇಡಿಕೆ ಏರಲು ವದಂತಿಯೊಂದೇ ಕಾರಣವಲ್ಲ, ಸರ್ಕಾರದ ಮುದ್ರೆಯೂ ಇತ್ತು. ಮಾರ್ಚ್ ಕೊನೆಯಲ್ಲಿ, ಆಯುರ್ವೇದ ಮೊದಲಾದ ಪದ್ಧತಿಗಳನ್ನು ನೋಡಿಕೊಳ್ಳುವ ಕೇಂದ್ರದ ಆಯುಷ್ ಸಚಿವಾಲಯ ಹೊರಡಿಸಿದ ಸಲಹೆಯಲ್ಲಿ ತುಳಸಿ, ದಾಲ್ಚಿನ್ನಿ, ಕಾಳುಮೆಣಸು, ಒಣಶುಂಠಿ, ಒಣದ್ರಾಕ್ಷಿಗಳ ಕಷಾಯವನ್ನು ದಿನಕ್ಕೆ ಒಂದೆರಡು ಬಾರಿ ಕುಡಿಯಬಹುದೆಂದು, 150 ಮಿಲಿಲೀಟರ್ ಬಿಸಿ ಹಾಲಿಗೆ ಅರ್ಧ ಚಮಚ ಅರಿಶಿನ ಬೆರೆಸಬಹುದೆಂದು ಹೇಳಲಾಗಿತ್ತು. ಏಪ್ರಿಲ್‌ನಲ್ಲಿ 'ಆಯುಷ್ ಕ್ವಾಥ' ಎಂಬ ಹೆಸರಿನಲ್ಲಿ ಅಳತೆಯೂ ಬಂತು: ತುಳಸಿ 4 ಭಾಗ, ದಾಲ್ಚಿನ್ನಿ 2, ಒಣಶುಂಠಿ 2, ಕಾಳುಮೆಣಸು 1, ಇವುಗಳ 3 ಗ್ರಾಂ ಪುಡಿ 150 ಮಿಲಿಲೀಟರ್ ಕುದಿದ ನೀರಿಗೆ. ಮಾರ್ಚ್‌ನ ಸಲಹೆಯಲ್ಲಿಯೇ ಇದು ಕೋವಿಡ್‌ಗೆ ಚಿಕಿತ್ಸೆಯೆಂದು ಹೇಳುತ್ತಿಲ್ಲವೆಂಬ ಮಾತೂ ಇತ್ತು. ಅಂಗಡಿಯ ಕಟ್ಟೆಗೆ ಬರುವ ಹೊತ್ತಿಗೆ ಆ ಮಾತು ಉದುರಿಹೋಗಿ ಸಾಮಾನಿನ ಪಟ್ಟಿ ಮಾತ್ರ ಉಳಿದಿತ್ತು. ದಿನಕ್ಕೆ ಒಂದೆರಡು ಬಾರಿ ಎಂದಿದ್ದದ್ದು ಗಂಟೆಗೊಂದು ಬಾರಿ ಎಂದಾಗಿತ್ತು, ಮೂರು ಗ್ರಾಂ ಎಂದಿದ್ದದ್ದು ಮುಷ್ಟಿಯಾಗಿತ್ತು.

ಇಂಥ ದಿನಗಳಲ್ಲಿ ಈ ಅಂಗಡಿ ಮಾಡಿದ ಮೊದಲ ಒಳ್ಳೆಯ ಕೆಲಸವೆಂದರೆ ತನ್ನ ಹಳೆಯ ಪುಡಿಗೆ ಹೊಸ ಹೆಸರಿಡದೇ ಇದ್ದದ್ದು. ಅದೇ ಪೊಟ್ಟಣ, ಅದೇ 'ಕಷಾಯದ ಪುಡಿ'. ಆಯುಷ್ ಪಟ್ಟಿಯ ಪ್ರಕಾರ ಬೇಕೆಂದವರಿಗೆ ಬೇರೆ ಭರಣಿಯಿಂದ ಅದೇ ಅಳತೆಯಲ್ಲಿ ಕೊಡುತ್ತಿದ್ದರು. ಎರಡನ್ನೂ ಕಲಸಿ 'ವಿಶೇಷ' ಎಂದು ಹೆಚ್ಚು ಬೆಲೆಗೆ ಮಾರಲಿಲ್ಲ. ಗಿರಾಕಿಗಳೊಡನೆ ನಡೆಯುತ್ತಿದ್ದ ಮಾತುಕತೆಯನ್ನು, ಸಾಲಿನಲ್ಲಿ ಅಂತರ ಬಿಟ್ಟು ನಿಂತು ನಾನೇ ಕೇಳಿಸಿಕೊಂಡಿದ್ದೇನೆ.

"ಮಾಮ್, ಇದು ಕುಡಿದ್ರೆ ಕೊರೊನಾ ಬರುವುದಿಲ್ಲ ಅಲ್ವಾ?"

"ಗಂಟಲಿಗೆ ಹಿತ ಆಗ್ತದೆ ಅಕ್ಕ. ಬರುವುದು ಬಿಡುವುದು ಇದರ ಕೈಯಲ್ಲಿ ಇಲ್ಲ."

"ಮನೆಯವರಿಗೆ ಮೂರು ದಿನದಿಂದ ಜ್ವರ ಉಂಟು. ಸ್ವಲ್ಪ ದಪ್ಪಕ್ಕೆ ಮಾಡಿ ಕೊಟ್ಟರೆ ಆಗಬಹುದಾ?"

"ಜ್ವರ ಉಂಟಾದರೆ ಪುಡಿ ಇರಲಿ ಮಾರಾಯ್ರೆ, ಮೊದಲು ವೆನ್ಲಾಕಿಗೆ ಹೋಗಿ ಟೆಸ್ಟ್ ಮಾಡಿಸಿ. ಪುಡಿ ಎಲ್ಲಿಗೂ ಓಡಿ ಹೋಗುವುದಿಲ್ಲ."

ವ್ಯಾಪಾರ ಕೈಗೆ ಬಂದಿರುವಾಗ ಹೀಗೆ ಹೇಳಿ ಕಳುಹಿಸುವುದು ಸಣ್ಣ ವಿಷಯವಲ್ಲ. ಯಜಮಾನರು ಹೇಳಿದ್ದರಲ್ಲಿ ವೈದ್ಯವಿಜ್ಞಾನಕ್ಕೆ ವಿರುದ್ಧವಾದದ್ದೂ ಏನಿರಲಿಲ್ಲ. ಕೋವಿಡ್ ವೈರಸ್ ನೆಲೆಯೂರುವುದು ಮೂಗು, ಗಂಟಲು, ಶ್ವಾಸಕೋಶಗಳ ಜೀವಕೋಶಗಳ ಒಳಗೆ. ಕುಡಿದ ಕಷಾಯ ಅನ್ನನಾಳದ ದಾರಿ ಹಿಡಿದು ಹೊಟ್ಟೆಗೆ ಹೋಗುತ್ತದೆ. ಗಂಟಲಿನ ಮೇಲ್ಮೈಯನ್ನು ಬಿಸಿನೀರು ತೊಳೆದರೂ ಜೀವಕೋಶದೊಳಗೆ ಹೊಕ್ಕ ವೈರಸ್ಸನ್ನು ಅದು ಎಬ್ಬಿಸಲಾರದು. ಊಟದಲ್ಲಿ ಮೆಣಸು ಸೇರಿಸುವುದರಿಂದಾಗಲಿ ಬೆಳ್ಳುಳ್ಳಿ ತಿನ್ನುವುದರಿಂದಾಗಲಿ ಕೋವಿಡ್ ತಡೆಯಲಾಗದೆಂದು ವಿಶ್ವ ಆರೋಗ್ಯ ಸಂಸ್ಥೆ ಆಗಲೇ ಸ್ಪಷ್ಟಪಡಿಸಿತ್ತು. ಹಾಗೆಂದು ಬಿಸಿ ಪೇಯ ವ್ಯರ್ಥವೂ ಅಲ್ಲ. ಜ್ವರದಲ್ಲಿ ದೇಹಕ್ಕೆ ನೀರು ಬೇಕು, ಕೆರೆಯುವ ಗಂಟಲಿಗೆ ಬಿಸಿ ಹಿತ, ನಾಲಿಗೆ ಕೆಟ್ಟವರಿಗೆ ಬರೀ ನೀರಿಗಿಂತ ಕಷಾಯ ಸುಲಭವಾಗಿ ಇಳಿಯುತ್ತದೆ. ಪುಡಿಯ ಯೋಗ್ಯತೆ ಅಷ್ಟಿದೆ, ಅದು ಸಾಕಷ್ಟಾಯಿತು.

ರೋಗನಿರೋಧಕ ಶಕ್ತಿಯನ್ನು 'ಹೆಚ್ಚಿಸುವ' ಮಾತು ಮಾತ್ರ ಎಲ್ಲ ಕಡೆಯಿಂದ ಬರುತ್ತಿತ್ತು. ಅರಿಶಿನದ ಹಾಲಿನಿಂದ ಹಿಡಿದು ಬಿಸ್ಕತ್ತಿನವರೆಗೆ ಎಲ್ಲದರ ಮೇಲೂ ಅದೇ ಬರಹ. ಆದರೆ ಕೋವಿಡ್‌ನಲ್ಲಿ ಹಲವರ ಪ್ರಾಣಕ್ಕೆ ಕುತ್ತು ತಂದದ್ದು ನಿರೋಧಕ ಶಕ್ತಿಯ ಕೊರತೆಯಲ್ಲ, ಅದು ಅಂಕೆ ಮೀರಿ ತನ್ನದೇ ಶ್ವಾಸಕೋಶದ ಮೇಲೆ ಎರಗಿದ್ದು. 2020ರ ಜೂನ್‌ನಲ್ಲಿ ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳ ಮೇಲೆ ಔಷಧಗಳನ್ನು ಪರೀಕ್ಷಿಸಿದ ಬ್ರಿಟನ್ನಿನ 'ರಿಕವರಿ' ಎಂಬ ಪ್ರಯೋಗದಿಂದ ತಿಳಿದುಬಂದದ್ದು ಇದನ್ನೇ ಎತ್ತಿ ತೋರಿಸುತ್ತದೆ. ಡೆಕ್ಸಾಮೆಥಸೋನ್ ಎಂಬ ಹಳೆಯ, ಅಗ್ಗದ ಸ್ಟೀರಾಯ್ಡ್ ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಮೂರನೇ ಒಂದರಷ್ಟು, ಆಮ್ಲಜನಕ ಪಡೆಯುತ್ತಿದ್ದವರ ಸಾವನ್ನು ಐದನೇ ಒಂದರಷ್ಟು ಇಳಿಸಿತು. ಆಮ್ಲಜನಕ ಬೇಕಿಲ್ಲದವರಿಗೆ ಅದರಿಂದ ಲಾಭ ಕಾಣಲಿಲ್ಲ. ಆ ಮಾತ್ರೆ ಮಾಡುವ ಕೆಲಸ ನಿರೋಧಕ ವ್ಯವಸ್ಥೆಯನ್ನು ತಣಿಸುವುದು, ಏರಿಸುವುದಲ್ಲ. ಹೆಚ್ಚಿದಷ್ಟೂ ಒಳ್ಳೆಯದೆಂದು ನಂಬಿ ಮನೆಮಂದಿಗೆಲ್ಲ ಮುಷ್ಟಿಗಟ್ಟಲೆ ಮೆಣಸು ಕುದಿಸಿ ಕುಡಿಸಿದವರಿಗೆ ಈ ಸುದ್ದಿಯನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ.

ವದಂತಿ ಬರೀ ಗ್ರಂದಿಗೆ ಅಂಗಡಿಯ ಸೊತ್ತಾಗಿರಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಮಾರ್ಚ್‌ನಲ್ಲಿ ಆರೋಗ್ಯ ಕಾರ್ಯಕರ್ತರಿಗೆಂದು ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಮಲೇರಿಯಾ ಮಾತ್ರೆ ಸೂಚಿಸಲ್ಪಟ್ಟ ಕೂಡಲೇ ಚೀಟಿಯಿಲ್ಲದೆ ಅದನ್ನು ಹುಡುಕಿಕೊಂಡು ಮೆಡಿಕಲ್ ಶಾಪುಗಳಿಗೆ ಹೋದವರು ನಮ್ಮ ನಡುವಿನ ಓದಿದವರೇ. ಸಂಧಿವಾತಕ್ಕೆ ಅದೇ ಮಾತ್ರೆಯನ್ನು ದಿನವೂ ನುಂಗಬೇಕಾದವರು ಪರದಾಡಬೇಕಾಯಿತು. ಆಸ್ಪತ್ರೆ ಸೇರಿದ ರೋಗಿಗಳಿಗೆ ಅದರಿಂದ ಪ್ರಯೋಜನವಿಲ್ಲವೆಂದು ಜೂನ್ ಹೊತ್ತಿಗೆ ಅದೇ ರಿಕವರಿ ಪ್ರಯೋಗ ಹೇಳಿತು. ಇರಾನಿನಲ್ಲಿ ಮದ್ಯ ವೈರಸ್ಸನ್ನು ಕೊಲ್ಲುತ್ತದೆಂದು ನಂಬಿ ಮೆಥನಾಲ್ ಬೆರೆತ ಸಾರಾಯಿ ಕುಡಿದು ನೂರಾರು ಮಂದಿ ಸತ್ತರು. ಆ ಲೆಕ್ಕದಲ್ಲಿ ನಮ್ಮ ಕಷಾಯ ಸಾಧು ಪ್ರಾಣಿ.

ಸಾಧುವಾದರೂ ಅದಕ್ಕೊಂದು ಮಿತಿಯಿದೆ. ಈ ಪುಡಿಯಲ್ಲಿರುವ ಜ್ಯೇಷ್ಠಮಧುವಿನ ಗ್ಲೈಸಿರೈಜಿನ್ ಎಂಬ ಅಂಶ ಹೆಚ್ಚಿನ ಪ್ರಮಾಣದಲ್ಲಿ ದಿನಗಟ್ಟಲೆ ದೇಹಕ್ಕೆ ಸೇರಿದರೆ ಪೊಟ್ಯಾಸಿಯಂ ಕಡಿಮೆಯಾಗಿ ರಕ್ತದೊತ್ತಡ ಏರುತ್ತದೆ. ಬಿಪಿ ಇರುವವರಿಗೆ, ಮೂತ್ರ ಹೋಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ, ಹೃದಯದ ತೊಂದರೆ ಇರುವವರಿಗೆ ಇದು ಹಗುರವಾಗಿ ತೆಗೆದುಕೊಳ್ಳುವ ವಿಷಯವಲ್ಲ. ಆಯುಷ್ ಪಟ್ಟಿಯಲ್ಲಿದ್ದ ದಾಲ್ಚಿನ್ನಿಯ ಬದಲಿಗೆ ಪೇಟೆಯಲ್ಲಿ ಹೆಚ್ಚಾಗಿ ಸಿಗುವುದು ಅದರ ದಪ್ಪ ಸಿಪ್ಪೆಯ ದಾಯಾದಿ ಕ್ಯಾಸಿಯಾ; ಅದರಲ್ಲಿರುವ ಕೂಮರಿನ್ ಅತಿಯಾದರೆ ಯಕೃತ್ತಿಗೆ ಹಾನಿ. ಕಾಳುಮೆಣಸಿನ ಪೈಪರಿನ್ ಕೆಲವು ಔಷಧಗಳು ರಕ್ತಕ್ಕೆ ಸೇರುವ ಪ್ರಮಾಣವನ್ನೇ ಬದಲಿಸುತ್ತದೆ. ಆ ಕಾಲದಲ್ಲಿ ಎಲ್ಲರ ಹಿತ್ತಿಲಿಗೂ ಬಂದ ಅಮೃತಬಳ್ಳಿಯ ಕತೆ ಇನ್ನೂ ಗೋಜಲಿನದು. ಅದನ್ನು ತೆಗೆದುಕೊಂಡವರಲ್ಲಿ ಯಕೃತ್ತಿನ ಉರಿಯೂತ ಕಂಡಿತೆಂದು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಅದು ಅಮೃತಬಳ್ಳಿಯನ್ನೇ ಹೋಲುವ ಬೇರೆ ಬಳ್ಳಿಯಿಂದ ಆಗಿರಬಹುದೆಂದು ಆಯುಷ್ ಸಚಿವಾಲಯ ಉತ್ತರಿಸಿತು. ಇಬ್ಬರಲ್ಲಿ ಯಾರ ಮಾತು ಹಿಡಿದರೂ, ಬೇಲಿಯಿಂದ ಕಿತ್ತು ತಂದದ್ದನ್ನು ನಿತ್ಯ ಕುಡಿಯುವುದು ಕ್ಷೇಮವಲ್ಲವೆಂದೇ ಅರ್ಥವಾಗುತ್ತದೆ. ಈ ಅಂಗಡಿಯಲ್ಲಿ ಬಿಪಿ ಇದೆಯೆಂದರೆ ಜ್ಯೇಷ್ಠಮಧು ಬಿಟ್ಟು ಪುಡಿ ಮಾಡಿಕೊಡುತ್ತಿದ್ದರು, ಈಗಲೂ ಕೊಡುತ್ತಾರೆ. ಅಮೃತಬಳ್ಳಿಯ ಪುಡಿ ಕೇಳಿದವರಿಗೆ ವೈದ್ಯರನ್ನು ಕೇಳಿ ಬನ್ನಿ ಎನ್ನುತ್ತಿದ್ದರು.

ಊರ ಮದ್ದೆಂದರೆ ಎಷ್ಟು ಬೇಕಾದರೂ ಕುಡಿಯಬಹುದೆಂಬ ಧೈರ್ಯ ಎಲ್ಲಿಂದ ಬಂತೋ ನನಗೆ ತಿಳಿಯದು. ತುಳುನಾಡಿನ ರೂಢಿಯಲ್ಲಂತೂ ಅದಕ್ಕೆ ಆಧಾರವಿಲ್ಲ. ಮಳೆಗಾಲದ ತುಳು ತಿಂಗಳಾದ ಆಟಿಯ ಅಮಾವಾಸ್ಯೆಯ ದಿನ ಬೆಳಗಿನ ಜಾವ ಹಾಲೆಮರದ ತೊಗಟೆಯನ್ನು, ನಾವು ಹೇಳುವ ಪಾಲೆದ ಕೆತ್ತೆಯನ್ನು, ಕಲ್ಲಿನಿಂದ ಜಜ್ಜಿ ತೆಗೆದು, ಬೆಳ್ಳುಳ್ಳಿ, ಓಮ, ಮೆಣಸು ಸೇರಿಸಿ ಅರೆದು ರಸ ಹಿಂಡಿ, ಕಾಯಿಸಿದ ಬಿಳಿ ಕಲ್ಲನ್ನು ಅದರಲ್ಲಿ ಅದ್ದಿ ಕುಡಿಯುವ ಕ್ರಮವನ್ನು ನೋಡಿ. ಅದು ವರ್ಷಕ್ಕೊಂದು ದಿನ, ಬರಿಹೊಟ್ಟೆಗೆ ಒಂದು ಸಲ, ಸ್ವಲ್ಪವೇ. ಅದರ ಹಿಂದೆ ತಂಪಿಗೆ ಮೆಂತೆಗಂಜಿ. ಮರ ಗೊತ್ತಿರುವ ಹಿರಿಯರೇ ಕೆತ್ತೆ ತರಬೇಕು, ಏಕೆಂದರೆ ಕತ್ತಲಲ್ಲಿ ಹಾಲೆಯ ಬದಲು ಕಾಸರಕನ ತೊಗಟೆ ಬಂದರೆ ಅದರಲ್ಲಿ ಸ್ಟ್ರಿಕ್ನಿನ್ ಎಂಬ ಘೋರ ವಿಷವಿದೆ. ಈ ಆಚರಣೆಗೆ ರೋಗ ತಡೆಯುವ ಶಕ್ತಿಯಿದೆಯೆಂದು ನಾನು ಸಾಧಿಸಹೊರಟಿಲ್ಲ. ಯಾರು ತರಬೇಕು, ಎಷ್ಟು ಕುಡಿಯಬೇಕು, ಎಂದು ನಿಲ್ಲಿಸಬೇಕು ಎಂಬ ಕಟ್ಟಳೆ ಅದರ ಒಳಗೇ ಇದೆ. ಮೊಬೈಲಿನಲ್ಲಿ ಬಂದ ಮದ್ದಿಗೆ ಅಂಥ ಕಟ್ಟಳೆ ಯಾವುದೂ ಇರಲಿಲ್ಲ.

ಇಷ್ಟೆಲ್ಲ ಹೊಗಳಿದ ಮೇಲೆ ದೂರುಗಳ ಸರದಿ. 2021ರ ಏಪ್ರಿಲ್ ಕೊನೆಯಲ್ಲಿ ರಾಜ್ಯದಲ್ಲಿ ಕರ್ಫ್ಯೂ ಬಂದು ಅಗತ್ಯ ಸಾಮಾನಿನ ಅಂಗಡಿಗಳಿಗೆ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಅವಕಾಶವಿದ್ದಾಗ ಭಯ ಹಿಂದಿನ ವರ್ಷಕ್ಕಿಂತ ಹೆಚ್ಚಾಗಿತ್ತು. ಆಮ್ಲಜನಕಕ್ಕೆ ದೇಶವೇ ಒದ್ದಾಡುತ್ತಿತ್ತು. ಆಗ ಹರಡಿದವು ಎರಡು ಹೊಸ ಮದ್ದುಗಳು: ಮೂಗಿಗೆ ನಿಂಬೆರಸ ಬಿಡುವುದು ಮತ್ತು ಕರ್ಪೂರ, ಲವಂಗ, ಓಮ, ನೀಲಗಿರಿ ಎಣ್ಣೆ ಸೇರಿಸಿದ ಗಂಟನ್ನು ಮೂಸುತ್ತಾ ಆಮ್ಲಜನಕದ ಮಟ್ಟ ಏರಿಸುವುದು. ಮೊದಲನೆಯದು ಮೂಗಿನ ಒಳಪೊರೆಯನ್ನು ಸುಡುವುದಲ್ಲದೆ ಬೇರೇನನ್ನೂ ಮಾಡದು. ಎರಡನೆಯದರ ಗುಟ್ಟು, ಕರ್ಪೂರದ ಘಾಟಿಗೆ ಮೂಗು ತೆರೆದಂತೆ ಭಾಸವಾಗುತ್ತದೆ ಎಂಬಷ್ಟೇ; ರಕ್ತದಲ್ಲಿನ ಆಮ್ಲಜನಕ ಇದ್ದಲ್ಲಿಯೇ ಇರುತ್ತದೆ. ಅದಲ್ಲದೆ ಕರ್ಪೂರ ಮಗುವಿನ ಬಾಯಿಗೆ ಹೋದರೆ ಸೆಳವು ಬರುವಷ್ಟು ಅಪಾಯಕಾರಿ. ಹಿಂದಿನ ವರ್ಷ ಗಟ್ಟಿಯಾಗಿ ನಿಂತಿದ್ದ ನಮ್ಮ ಅಂಗಡಿ ಈ ಗಂಟಿನ ವಿಷಯದಲ್ಲಿ ಸೋತಿತು. ಸಿದ್ಧಪಡಿಸಿದ ಗಂಟುಗಳನ್ನು ಕಟ್ಟೆಯ ಮೇಲೆಯೇ ಸಾಲಾಗಿ ಇಟ್ಟಿದ್ದರು, ಪಕ್ಕದಲ್ಲಿ ಕೈಬರಹದ ಚೀಟಿ: 'ಉಸಿರಾಟಕ್ಕೆ ಉತ್ತಮ'. ಯಜಮಾನರನ್ನು ಕೇಳಿದಾಗ, ತಾವು ಇಡದಿದ್ದರೆ ಜನ ಕರ್ಪೂರ ಕೊಂಡುಹೋಗಿ ಮನೆಯಲ್ಲಿ ಎಷ್ಟೆಷ್ಟೋ ಹಾಕಿ ಕಟ್ಟಿಕೊಳ್ಳುತ್ತಾರೆ ಎಂದರು. ಆ ಸಮಾಧಾನ ನನಗೆ ಒಪ್ಪಿಗೆಯಾಗಲಿಲ್ಲ. ಪಲ್ಸ್ ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ ಆಸ್ಪತ್ರೆಗೆ ಹೋಗಬೇಕೆಂದು ಎಲ್ಲೆಡೆ ಹೇಳುತ್ತಿದ್ದ ಕಾಲದಲ್ಲಿ, ಏದುಸಿರಿಲ್ಲದೆಯೇ ಆಮ್ಲಜನಕ ಕುಸಿಯಬಲ್ಲ ರೋಗದಲ್ಲಿ, ಮೂಗು ಹಗುರಾದ ಭ್ರಮೆಯಿಂದ ಕಳೆದುಹೋಗುವ ಒಂದು ರಾತ್ರಿಯ ಬೆಲೆ ಏನೆಂಬುದು ಅಂಗಡಿಯವರಿಗೂ ಗೊತ್ತಿರಲಿಲ್ಲವೆಂದಲ್ಲ.

ಬೆಲೆಯ ಬಗ್ಗೆಯೂ ಒಂದು ಮಾತು. ಒಣಶುಂಠಿ, ಜ್ಯೇಷ್ಠಮಧುಗಳ ದರ ಆಗ ಏರಿದ್ದು ನಿಜ, ಲಾರಿಗಳ ಓಡಾಟ ನಿಂತಿದ್ದೂ ನಿಜ. ಆದರೆ ಸ್ಥಳೀಯವಾಗಿ ಸಿಗುವ ಕಾಳುಮೆಣಸಿಗೂ ಅದೇ ಏರಿಕೆಯನ್ನು ಹಚ್ಚಿದ್ದಕ್ಕೆ ಕಾರಣ ಹೇಳಲಿಲ್ಲ. ಮುಂದೆ ಇಳಿಸಿದರು, ಅದನ್ನೂ ಬರೆಯಬೇಕು.

ಇನ್ನೊಂದು ದೂರು ಪೊಟ್ಟಣದ್ದು, ಅದು ಇನ್ನೂ ಬಗೆಹರಿದಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಸಂಖ್ಯೆ ಇದೆ, ಸಾಮಗ್ರಿಗಳ ಹೆಸರಿದೆ. ಯಾವುದು ಎಷ್ಟು ಎಂಬ ಪ್ರಮಾಣವಿಲ್ಲ. ಜ್ಯೇಷ್ಠಮಧು ನೂರರಲ್ಲಿ ಎಷ್ಟು ಪಾಲು ಎಂದು ತಿಳಿಯದೆ ಬಿಪಿ ಇರುವವರು ತಮ್ಮ ವೈದ್ಯರೊಡನೆ ಮಾತನಾಡುವುದು ಹೇಗೆ? ತಯಾರಿಸಿದ ದಿನಾಂಕದ ಠಸ್ಸೆ ಬಹಳ ಸಲ ಮಸುಕಾಗಿರುತ್ತದೆ. ಹಾಗಿದ್ದರೂ ಈ ಪೊಟ್ಟಣದ ಮೇಲೆ ಯಾವ ರೋಗದ ಹೆಸರೂ ಅಂದು ಇರಲಿಲ್ಲ, ಇಂದಿಗೂ ಇಲ್ಲ. ಇದು ಸಾಮಾನ್ಯವೆಂದು ತೋರಬಹುದು, ಆದರೆ 2020ರ ಏಪ್ರಿಲ್ 1ರಂದೇ ಕೋವಿಡ್ ಗುಣಪಡಿಸುವುದಾಗಿ ಹೇಳುವ ಆಯುಷ್ ಜಾಹೀರಾತುಗಳನ್ನು ತಡೆಯಿರೆಂದು ಕೇಂದ್ರ ರಾಜ್ಯಗಳಿಗೆ ಆದೇಶಿಸಬೇಕಾಗಿ ಬಂದಿತ್ತು. ಜೂನ್‌ನಲ್ಲಿ ಪತಂಜಲಿಯವರು ಕೊರೊನಿಲ್ ಎಂಬ ಮಾತ್ರೆ ಬಿಡುಗಡೆ ಮಾಡಿ ಗುಣಪಡಿಸುವ ಮಾತಾಡಿದಾಗ ಸಚಿವಾಲಯ ಆ ಪ್ರಚಾರ ನಿಲ್ಲಿಸಲು ಸೂಚಿಸಿತು. ಅಷ್ಟು ದೊಡ್ಡವರು ಮುಟ್ಟಿದ ಬೆಂಕಿಯನ್ನು ಈ ಸಣ್ಣ ಅಂಗಡಿ ಮುಟ್ಟಲಿಲ್ಲ.

ಈಗ ಮತ್ತೆ ಪುಡಿ ಬರೀ ಪುಡಿಯಾಗಿದೆ. ಆದರೆ ಮಳೆ ಹಿಡಿದು ಕೆಮ್ಮು ನೆಗಡಿ ಶುರುವಾದರೆ, ಪೇಪರಿನಲ್ಲಿ ಹೊಸ ತಳಿಯೊಂದರ ಸುದ್ದಿ ಬಂದರೆ, ಹಳೆಯ ಸಂದೇಶಗಳು ದಿನಾಂಕ ಬದಲಿಸಿಕೊಂಡು ಮೊಬೈಲಿಗೆ ಬರುತ್ತವೆ, ಕಟ್ಟೆಯ ಮುಂದೆ ಹಳೆಯ ಪ್ರಶ್ನೆಗಳೂ ಏಳುತ್ತವೆ. ಕರ್ಪೂರದ ಗಂಟುಗಳು ಕಟ್ಟೆಯಿಂದ ಮಾಯವಾಗಿವೆ. ಕೇಳಿದರೆ ಪೂಜೆಗೆಂದು ಬಿಡಿ ಕರ್ಪೂರ ಮಾತ್ರ ಕೊಡುತ್ತಾರೆ. ಯಜಮಾನರ ಮಗ ಈಚೆಗೆ ಗಲ್ಲಾದಲ್ಲಿ ಕೂರುತ್ತಿದ್ದು, ಆತನೂ 'ಯಾರಿಗೆ?' ಎಂದು ಕೇಳುವುದನ್ನು ಬಿಟ್ಟಿಲ್ಲ. ಗೂಗಲ್ ಪೇ ಮಾಡಿದ ಸದ್ದು ಬರುವ ಮೊದಲು ಆ ಪ್ರಶ್ನೆಗೆ ಉತ್ತರಿಸಬೇಕಾಗುತ್ತದೆ.

ಕೊಳ್ಳುವವರಿಗೆ ಕೆಲವು ಸೂಚನೆಗಳು. ಪೇಯವಾಗಿ ಈ ಪುಡಿಗೆ ಐದರಲ್ಲಿ ನಾಲ್ಕೂವರೆ. ಪ್ರಮಾಣ ಮುದ್ರಿಸಿದ ದಿನ ಉಳಿದ ಅರ್ಧವನ್ನೂ ಕೊಡುತ್ತೇನೆ. ಮದ್ದಾಗಿ ಇದಕ್ಕೆ ಅಂಕ ಕೊಡುವ ಪ್ರಶ್ನೆಯೇ ಇಲ್ಲ, ಅದು ಈ ಪುಡಿಯ ಕೆಲಸವಲ್ಲ. ಬಿಪಿ, ಹೃದಯದ ತೊಂದರೆ ಇರುವವರು, ಬಸುರಿಯರು ಜ್ಯೇಷ್ಠಮಧು ಬೇಡವೆಂದು ಮೊದಲೇ ಹೇಳಿ. ಮರುದಿನಕ್ಕೆ ಬೇರೆಯಾಗಿ ಮಾಡಿಡುತ್ತಾರೆ. ಮಳೆಗಾಲದಲ್ಲಿ ಇನ್ನೂರು ಗ್ರಾಮಿಗಿಂತ ಹೆಚ್ಚು ಕೊಳ್ಳಬೇಡಿ, ನಮ್ಮ ಹವೆಗೆ ಪುಡಿ ಗಂಟುಕಟ್ಟುತ್ತದೆ. ಪ್ಲಾಸ್ಟಿಕ್ ಡಬ್ಬಿಗಿಂತ ಒಣಗಿದ ಗಾಜಿನ ಭರಣಿ ವಾಸಿ. ಶನಿವಾರ ಸಂಜೆ ದೇವಸ್ಥಾನಕ್ಕೆ ಬರುವವರ ದಟ್ಟಣೆಯಿಂದ ಆ ಬೀದಿಯಲ್ಲಿ ವಾಹನ ನಿಲ್ಲಿಸಲು ಜಾಗ ಸಿಗುವುದಿಲ್ಲ. ವಾರದ ನಡುವೆ ಬೆಳಿಗ್ಗೆ ಹೋದರೆ ಹುರಿಯುವ ಹೊತ್ತಿಗೆ ಸರಿಯಾಗಿ ತಲುಪಿ ಆ ದಿನದ ಪುಡಿಯನ್ನೇ ತರಬಹುದು.